ಕಂಪ್ಯೂಟರ್ ಕಟ್ಟೆ: ಹಳೇ ಪೈಥಾನ್ ಬಿಡೋದು ಯಾವಾಗ?

ಪ್ರಶ್ನೆ: ನಾನು ತುಮಕೂರಿನವನು. ಕೆಲಸ ಬೆಂಗಳೂರಿನಲ್ಲಿ, ದಿನಾ ರೈಲಿನಲ್ಲಿ ಓಡಾಟ. ಆ ರೈಲಿನಲ್ಲೇ ಕೂತು ನಾಲ್ಕು ವರ್ಷದ ಹಿಂದೆ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಚಿಕ್ಕ ಲೈಬ್ರರಿ (ಬೇರೆಯವರೂ ತಮ್ಮ ಕೆಲಸಕ್ಕೆ ಬಳಸಬಹುದಾದ ಕೋಡ್) ಬರೆದೆ. ನುಡಿ ತಂತ್ರಾಂಶದ ಆಸ್ಕಿ ಫಾಂಟಿನ (ಆ ಫಾಂಟ್ ಇದ್ದರೆ ಮಾತ್ರ ಓದಲು ಬರುವ) ಹಳೇ ಕನ್ನಡ ಫೈಲುಗಳನ್ನು ಅದು ಎಲ್ಲ ಕಡೆ ಓದಬಹುದಾದ ಯೂನಿಕೋಡ್‌ಗೆ ಬದಲಿಸುತ್ತದೆ. ಓಪನ್ ಸೋರ್ಸ್, ಯಾರು ಬೇಕಾದರೂ ಬಳಸಬಹುದು. ಪೈಥಾನ್ 3.8ರಿಂದ ಹಿಡಿದು ಎಲ್ಲದರಲ್ಲೂ ಓಡಬೇಕು ಅಂತ ಇವತ್ತಿಗೂ ಹಟ ಹಿಡಿದು ಕೂತಿದ್ದೇನೆ. ಯಾಕೆಂದರೆ ಬಿ.ಎಚ್. ರಸ್ತೆ ಕಡೆಯ ಮೂರು ಡಿಟಿಪಿ ಅಂಗಡಿಯವರು ಅದನ್ನೇ ನೆಚ್ಚಿಕೊಂಡಿದ್ದಾರೆ, ಮೂರೂ ಕಡೆ ವಿಂಡೋಸ್ 7. ಈಚೆಗೆ ಒಬ್ಬ ಹುಡುಗ ಒಂದಿಷ್ಟು ಕೋಡ್ ಕಳಿಸಿದ. ಚೆನ್ನಾಗಿತ್ತು, ಆದರೆ 3.10ಕ್ಕಿಂತ ಕೆಳಗೆ ಓಡಲ್ಲ. ವಾಪಸ್ ಕಳಿಸಿದೆ, ಬೇಜಾರು ಮಾಡಿಕೊಂಡ. 3.8 ಬಿಟ್ಟುಬಿಡಲಾ? ಬಿಟ್ಟರೆ ಅಂಗಡಿಯವರಿಗೆ ಮೋಸ ಮಾಡಿದ ಹಾಗಾಗಲ್ವಾ?
— ಹೆಸರು ಬೇಡ, ತುಮಕೂರು

ಉತ್ತರ: ಮೊದಲು ಒಂದು ಕೆಲಸ ಮಾಡಿ. ಈ ಶನಿವಾರ ಆ ಮೂರೂ ಅಂಗಡಿಗೆ ಹೋಗಿ, ಅವರ ಕಂಪ್ಯೂಟರಿನಲ್ಲಿ ನಿಮ್ಮ ಲೈಬ್ರರಿಯ ಯಾವ ವರ್ಷನ್ ಇದೆ ಅಂತ ನೋಡಿ. ಬೇಕಾದರೆ ಪಣ ಕಟ್ಟುತ್ತೇನೆ, ನೀವು ಹಾಕಿಕೊಟ್ಟ ದಿನ ಯಾವುದಿತ್ತೋ ಅದೇ ಇರುತ್ತದೆ. ಪೇಜ್‌ಮೇಕರ್ ಓಡುತ್ತಿರುವ ಮಶೀನನ್ನು, ಅದಕ್ಕೆ ಒಗ್ಗಿಕೊಂಡಿರುವ ಪ್ರಿಂಟರನ್ನು ಲಗ್ನಪತ್ರಿಕೆ ಸೀಸನ್ನಿನಲ್ಲಿ ಯಾವ ಡಿಟಿಪಿಯವರೂ ಮುಟ್ಟಲ್ಲ. ಆಷಾಢ ಬಂದು ಕೈ ಖಾಲಿ ಇದ್ದಾಗಲೂ ಮುಟ್ಟಲ್ಲ. ಅವರಿಗೆ ಬೇಕಿರುವುದು ನಿಮ್ಮ ಹೊಸ ವರ್ಷನ್ ಅಲ್ಲ, ಈಗಿರುವುದು ನಾಳೆಯೂ ಓಡಬೇಕು, ಅಷ್ಟೇ. ಅದು ಓಡುತ್ತದೆ. ನೀವು 3.8 ಬಿಟ್ಟ ಮಾತ್ರಕ್ಕೆ ಅವರ ಹಾರ್ಡ್ ಡಿಸ್ಕಿನಲ್ಲಿ ಕೂತಿರುವ ಕೋಡ್ ಎದ್ದು ಹೋಗಲ್ಲ. ಹಾಗಾಗಿ ಮೋಸ ಅನ್ನೋ ಮಾತು ಬೇಡ.

ಹೊಸದಾಗಿ ಹಾಕಿಕೊಳ್ಳುವವರ ಪಾಡೇನು ಅಂತ ಕೇಳಬಹುದು. ಅದಕ್ಕೂ ದಾರಿ ಇದೆ. ಪ್ಯಾಕೇಜಿನ ವಿವರದಲ್ಲಿ ‘ರಿಕ್ವೈರ್ಸ್-ಪೈಥಾನ್’ ಅನ್ನೋ ಒಂದು ಸಾಲು ಬರೆಯುತ್ತೀರಲ್ಲ, ಅಲ್ಲಿ 3.10 ಅಥವಾ ಅದಕ್ಕಿಂತ ಮೇಲೆ ಅಂತ ಹಾಕಿದರೆ, 3.8 ಇರುವವರು, ಲೈಬ್ರರಿಗಳನ್ನು ಇಳಿಸಿ ಹಾಕುವ ಪಿಪ್ ಮೂಲಕ ಕೇಳಿದಾಗ ಅದು ಹೊಸದನ್ನು ಬಿಟ್ಟು, ಅವರಿಗೆ ಹೊಂದುವ ಕೊನೇ ಹಳೇ ವರ್ಷನ್ನನ್ನೇ ಹುಡುಕಿ ಕೊಡುತ್ತದೆ. 2016ರಲ್ಲಿ ಬಂದ ಪಿಪ್ 9ರಿಂದ ಈ ಅನುಕೂಲ ಇದೆ. ಅದಕ್ಕೂ ಮುಂಚೆ ಸಪೋರ್ಟ್ ಬಿಡೋದು ಅಂದರೆ ನಿಜಕ್ಕೂ ಜನರ ಕೆಲಸ ಕೆಡಿಸೋದೇ ಆಗಿತ್ತು, ಹೊಸದು ಇಳಿದು ಸಿಂಟ್ಯಾಕ್ಸ್ ಎರರ್ ಅಂತ ಬಾಯಿ ಬಡಿದುಕೊಳ್ಳುತ್ತಿತ್ತು. ಈಗ ಆ ಒಂದು ಸಾಲು ಸರಿ ಇದ್ದರೆ ಬಹಳಷ್ಟು ಜನಕ್ಕೆ ನೀವು ಬಿಟ್ಟಿದ್ದೇ ಗೊತ್ತಾಗಲ್ಲ.

ಆದರೆ ಆ ಸಾಲು ಮರೆತಿರೋ, ಕೆಟ್ಟಿರಿ. ನಾನೇ ಒಮ್ಮೆ ಮರೆತು, ಭಾನುವಾರ ಬೆಳಗ್ಗೆ ಹಾಸಿಗೆಯಿಂದ ಏಳುವ ಮುಂಚೆ ಮೂರು ಜನರಿಂದ ಬೈಸಿಕೊಂಡಿದ್ದೇನೆ. ಪೈಥಾನ್ ಲೈಬ್ರರಿಗಳ ಉಗ್ರಾಣವಾದ ಪೈಪಿಐಗೆ ಒಮ್ಮೆ ಏರಿಸಿದ ಫೈಲಿನ ವಿವರ ಆಮೇಲೆ ತಿದ್ದೋಕೆ ಆಗಲ್ಲ. ಆ ವರ್ಷನ್ನನ್ನು ‘ಯಾಂಕ್’ ಮಾಡಬೇಕು, ಅಂದರೆ ಯಾರಾದರೂ ನಂಬರ್ ಹೇಳಿ ಕೇಳದ ಹೊರತು ಸಿಗದ ಹಾಗೆ ಬದಿಗಿಡಬೇಕು, ಆಮೇಲೆ ಸಾಲು ಸರಿಮಾಡಿ ಹೊಸ ನಂಬರಿನಲ್ಲಿ ಇನ್ನೊಂದು ಬಿಡಬೇಕು. ಇನ್ನೊಂದು ತಪ್ಪು ಅಂದರೆ ಮೇಲಿನ ಗಡಿಯನ್ನೂ ಹಾಕೋದು, 3.14ಕ್ಕಿಂತ ಕೆಳಗೆ ಮಾತ್ರ ಅಂತ. ಸುಮ್ನೆ ಬೇಡ. ನಾಳೆ ಹೊಸ ಪೈಥಾನ್ ಹಾಕಿಕೊಂಡವರಿಗೆ ಪಿಪ್ ಆ ಗಡಿ ಇಲ್ಲದ ಯಾವುದೋ ಮಾಂಧಾತನ ಕಾಲದ ವರ್ಷನ್ ಹುಡುಕಿ ತಂದು ಹಾಕುತ್ತದೆ.

ಇನ್ನು ಯಾವಾಗ ಅನ್ನೋದು. ಪೈಥಾನ್‌ನವರದೇ ಒಂದು ಕ್ಯಾಲೆಂಡರ್ ಇದೆ. 2020ರಲ್ಲಿ ಬಂದ 3.9ರಿಂದ ಈಚೆಗೆ ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಒಂದು ಹೊಸ ವರ್ಷನ್, ಪ್ರತಿಯೊಂದಕ್ಕೂ ಐದು ವರ್ಷ ಆಯಸ್ಸು. 3.8ರ ಕಥೆ 2024ರ ಅಕ್ಟೋಬರ್‌ಗೆ ಮುಗಿಯಿತು, 3.9ರದ್ದು 2025ರ ಅಕ್ಟೋಬರ್‌ಗೆ. ಅದಾದ ಮೇಲೆ ಸೆಕ್ಯುರಿಟಿ ತೂತು ಸಿಕ್ಕರೂ ಅವರು ಮುಚ್ಚಲ್ಲ. ಇದು ನಿಮಗೆ ನೆಲದ ಮಟ್ಟ ಇದ್ದ ಹಾಗೆ, ಪೈಥಾನ್ ಮಾಡಿದವರೇ ಕೈಬಿಟ್ಟಿದ್ದನ್ನು ರೈಲಿನಲ್ಲಿ ಕೂತು ನೀವೊಬ್ಬರೇ ಹೊರುವ ಅಗತ್ಯ ಇಲ್ಲ. ನಂಪೈ ತರದ ವಿಜ್ಞಾನದ ಲೈಬ್ರರಿಯವರು ಇನ್ನೂ ಬಿರುಸು. 2019ರಲ್ಲಿ ಅವರು ಮಾಡಿಕೊಂಡ ನಿಯಮದಲ್ಲಿ ಒಂದು ಪೈಥಾನ್ ವರ್ಷನ್ನಿಗೆ 42 ತಿಂಗಳು ಮಾತ್ರ ಅಂತಿತ್ತು. ನಿಮಗೆ ಅಷ್ಟು ಅವಸರ ಬೇಡ ಅನ್ನೋದು ನನ್ನ ಅಭಿಪ್ರಾಯ.

ಬರೀ ಕ್ಯಾಲೆಂಡರ್ ನೋಡಿದರೂ ಸಾಲದು. ಪೈಥಾನ್ 2.7ನ್ನೇ ನೋಡಿ. ಅದರ ಆಯಸ್ಸು 2015ಕ್ಕೆ ಮುಗಿಯಬೇಕಿತ್ತು, ಜನ ಬದಲಾಗಲಿಲ್ಲ ಅಂತ 2020ರ ಜನವರಿ 1ಕ್ಕೆ ಮುಂದೂಡಿದರು. ಅದೇ 2.7ನ್ನು ಜ್ಯಾಂಗೋದವರು 2017ರ ಡಿಸೆಂಬರ್‌ನಲ್ಲಿ ತಮ್ಮ 2.0 ಹೊರತರುವಾಗಲೇ ಕೈಬಿಟ್ಟರು. ಪಿಪ್‌ನವರು ಬಿಟ್ಟಿದ್ದು 2021ರಲ್ಲಿ. ಇಂಟರ್ನೆಟ್ಟಿನಿಂದ ಮಾಹಿತಿ ತರಲು ಬಳಸುವ ರಿಕ್ವೆಸ್ಟ್ಸ್ ಲೈಬ್ರರಿಯವರು 2022ರವರೆಗೂ ಎಳೆದುಕೊಂಡು ಬಂದರು. ಒಂದೇ ಹಳೇ ವರ್ಷನ್, ಮೂರು ಬೇರೆ ಬೇರೆ ತಾರೀಖು, ಯಾಕೆ? ಜ್ಯಾಂಗೋ ಮೇಲೆ ಜನ ಸೈಟ್ ಕಟ್ಟುತ್ತಾರೆ, ಹಳೇ ಸೈಟಿನವರು ಹಳೇ ಜ್ಯಾಂಗೋದಲ್ಲೇ ಉಳಿಯಬಹುದು. ಉಳಿದವರಿಗೆ 1.11 ಇತ್ತು, ಅದಕ್ಕೆ 2020ರ ಏಪ್ರಿಲ್‌ವರೆಗೂ ಸೆಕ್ಯುರಿಟಿ ಪ್ಯಾಚ್ ಕೊಟ್ಟರು. ಪಿಪ್, ರಿಕ್ವೆಸ್ಟ್ಸ್ ಹಾಗಲ್ಲ. ಅವು ಪಾಯದ ಕಲ್ಲು, ಮೇಲೆ ಎಷ್ಟು ಮಹಡಿ ಎದ್ದಿದೆ ಅಂತ ಕಟ್ಟಿದವರಿಗೇ ಲೆಕ್ಕ ಇಲ್ಲ. ಅಂಥದ್ದನ್ನು ಕೊನೆಗೆ ಕೀಳಬೇಕು. ಈಗ ನಿಮ್ಮದು ಪಾಯವೋ ತಾರಸಿಯೋ ನೋಡಿ. ನಿಮ್ಮ ಲೈಬ್ರರಿ ಮೇಲೆ ಬೇರೆ ಲೈಬ್ರರಿಗಳು ನಿಂತಿವೆಯಾ? ಇಲ್ಲ ಅಂತ ಕಾಣುತ್ತೆ. ಫೈಲ್ ಕೊಟ್ಟರೆ ಫೈಲ್ ಬರುತ್ತೆ, ಅಷ್ಟೇ ಅಲ್ವಾ. ಹಾಗಿದ್ದರೆ ಪೈಥಾನ್ ಮಾಡಿದವರು ಬಿಟ್ಟ ದಿನವೇ ನೀವೂ ಬಿಡಬಹುದು.

ಡೌನ್‌ಲೋಡ್ ಲೆಕ್ಕ ನೋಡಿ ನಿರ್ಧಾರ ಮಾಡಬೇಡಿ. ಯಾವ ಪೈಥಾನ್‌ನಿಂದ ಎಷ್ಟು ಡೌನ್‌ಲೋಡ್ ಅಂತ ಅಂಕಿ ಸಿಗುತ್ತದೆ ನಿಜ, ಆದರೆ ಅದರಲ್ಲಿ ಯಾರದೋ ಸರ್ವರ್ ದಿನಕ್ಕೆ ಹತ್ತು ಸಲ ಟೆಸ್ಟ್ ಓಡಿಸಲು ಇಳಿಸಿಕೊಂಡಿದ್ದೂ ಸೇರಿರುತ್ತದೆ. ನಿಮ್ಮ ಅಂಗಡಿಯವರು ನಾಲ್ಕು ವರ್ಷದಲ್ಲಿ ಒಂದೇ ಸಲ ಇಳಿಸಿದ್ದಾರೆ. ಅವರು ಆ ಲೆಕ್ಕದಲ್ಲಿ ಕಾಣೋದೇ ಇಲ್ಲ.

ನಾನು ನೋಡುವುದು ಇಷ್ಟು: ಹಳೆಯದನ್ನು ಇಟ್ಟುಕೊಂಡಿದ್ದಕ್ಕೆ ನೀವು ಏನು ತೆರುತ್ತಿದ್ದೀರಿ? ಹೊಸ ಪೈಥಾನ್‌ನ ‘ಮ್ಯಾಚ್’ ಅನ್ನೋ ಕೋಡ್ ವಾಕ್ಯ ಬರೆಯಬೇಕು ಅನ್ನೋ ಆಸೆ ಒಂದಕ್ಕೇ ಆದರೆ, ಬೇಡ, ಇಫ್ ಎಲ್ಸ್‌ನಲ್ಲೇ ಬರೆದುಕೊಳ್ಳಿ. ಆದರೆ ಟೆಸ್ಟ್ ಓಡಿಸುವ ಪೈಟೆಸ್ಟ್‌ನ ಹೊಸ ವರ್ಷನ್‌ಗಳೇ 3.8ನ್ನು ಬಿಟ್ಟಿವೆ. ಅಂದರೆ ನೀವು ಹಳೇ ಪೈಟೆಸ್ಟ್ ಒಂದು, ಹೊಸದೊಂದು ಅಂತ ಎರಡು ಸಂಸಾರ ನಡೆಸುತ್ತಿದ್ದೀರಿ. ಅದಕ್ಕಿಂತ ದೊಡ್ಡ ನಷ್ಟ ಆ ಹುಡುಗ. ನುಡಿ ಫೈಲಿನ ಒಳಗೆ ಕೈ ಹಾಕಿ ಕೆಲಸ ಮಾಡುವಷ್ಟು ತಾಳ್ಮೆ ಇರುವವರು ಇಡೀ ರಾಜ್ಯ ಹುಡುಕಿದರೂ ಜಾಸ್ತಿ ಸಿಗಲ್ಲ. ತಾನಾಗಿ ಬಂದವನನ್ನು ವಾಪಸ್ ಕಳಿಸಿದ್ದೀರಿ, ಅದೂ ಎಂದೂ ಅಪ್‌ಡೇಟ್ ಮಾಡದ ಮೂರು ಮಶೀನಿಗೋಸ್ಕರ. ಇವತ್ತೇ ಅವನಿಗೆ ಬರೆದು ಕೋಡ್ ವಾಪಸ್ ತರಿಸಿಕೊಳ್ಳಿ.

ಒಂದು ಕಡೆ ಮಾತ್ರ ಹುಷಾರು. ನುಡಿ ಆಸ್ಕಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಕ್ರಮದಲ್ಲೇ ಇರುತ್ತದೆ. ‘ಸೂರ್ಯ’ ಅಂದರೆ ಮೊದಲು ಯ, ಆಮೇಲೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ನಾವು ಹೇಳುವ ಕ್ರಮ, ಮೊದಲು ರ್, ಆಮೇಲೆ ಯ. ಒತ್ತಕ್ಷರದ ಮೇಲೂ ಅರ್ಕಾವತ್ತು ಬಂದರೆ ಎಲ್ಲಿಂದ ಎತ್ತಿ ಎಲ್ಲಿಡಬೇಕು ಅನ್ನೋದು ಎಂಥವರಿಗೂ ತಪ್ಪುತ್ತದೆ, ನಿಮಗೂ ಎಲ್ಲೋ ತಪ್ಪಿರುತ್ತದೆ. ಅಂಥ ತಪ್ಪು ನಾಳೆ ಸಿಕ್ಕರೆ ಅದು ಲಗ್ನಪತ್ರಿಕೆಯಲ್ಲಿ ಮದುಮಗಳ ಹೆಸರನ್ನೇ ಕೆಡಿಸಬಹುದು. ಹಾಗಾಗಿ ಹಳೇ 1.x ಸಾಲಿಗೆ (ನಂಬರ್ 1ರಿಂದ ಶುರುವಾಗುವ ನಿಮ್ಮ ಲೈಬ್ರರಿಯ ಹಳೇ ವರ್ಷನ್ನುಗಳಿಗೆ) ಇನ್ನೊಂದು ವರ್ಷ ಅಕ್ಷರ ಕೆಡಿಸುವ ತಪ್ಪುಗಳನ್ನು ಮಾತ್ರ ತಿದ್ದುತ್ತೇನೆ, ಹೊಸದೇನೂ ಸೇರಿಸಲ್ಲ ಅಂತ ತಾರೀಖು ಸಮೇತ ಬರೆದುಹಾಕಿ. ಪೈಥಾನ್ 3.10ರಿಂದ ಮೇಲೆ ಮಾತ್ರ ಓಡುವ ಹೊಸ ವರ್ಷನ್ನಿಗೆ 2.0 ಅಂತ ಹೆಸರಿಡಿ. ಸಪೋರ್ಟ್ ಬಿಟ್ಟಿದ್ದಕ್ಕೆಲ್ಲ ಮೊದಲ ನಂಬರ್ ಬದಲಿಸಬೇಕಿಲ್ಲ ಅಂತ ವಾದ ಮಾಡುವವರಿದ್ದಾರೆ, ಮಾಡಿಕೊಳ್ಳಲಿ. ನಿಮಗೆ ನಂಬರಿಗೇನು ಬರವಾ? ತಾರೀಖನ್ನು ಬೇಕಾದರೆ ಆಮೇಲೆ ಮುಂದಕ್ಕೆ ಹಾಕಿ, ಹಿಂದಕ್ಕೆ ಮಾತ್ರ ತರಬೇಡಿ. ಕೊನೇ ಬಸ್ಸು ಒಂಬತ್ತೂವರೆಗೆ ಅಂತ ಬೋರ್ಡ್ ಹಾಕಿ ಒಂಬತ್ತಕ್ಕೇ ಹೊರಡಿಸಿದರೆ ಸ್ಟ್ಯಾಂಡಿನಲ್ಲಿ ಏನಾಗುತ್ತೆ ಅಂತ ನಿಮಗೇ ಗೊತ್ತು.

ಶನಿವಾರ ಅಂಗಡಿಗೆ ಹೋಗುವಾಗ ಪೆನ್‌ಡ್ರೈವ್ ತಗೊಂಡು ಹೋಗಿ. ಪೈಥಾನ್ 3.9 ವಿಂಡೋಸ್ 7ರಲ್ಲಿ ಕೂರುವುದೇ ಇಲ್ಲ, 3.8ಕ್ಕೇ ಕೊನೆ. ಕ್ರೋಮ್ ಕೂಡ 109ಕ್ಕೆ ವಿಂಡೋಸ್ 7ರ ಕೈಬಿಟ್ಟಿದೆ, ಮೈಕ್ರೋಸಾಫ್ಟ್‌ನವರಂತೂ 2020ರ ಜನವರಿಯಲ್ಲೇ. 1.x ಸಾಲಿನ ಕೊನೇ ವರ್ಷನ್ನನ್ನು 3.8ರ ಜೊತೆ ಪೈಇನ್‌ಸ್ಟಾಲರ್‌ನಲ್ಲಿ ಕಟ್ಟಿ ಕ್ಲಿಕ್ ಮಾಡಿದರೆ ಓಡುವ ಒಂದೇ ಎಕ್ಸಿ ಫೈಲ್ ಮಾಡಿ. ಅದನ್ನು ಡೆಸ್ಕ್‌ಟಾಪಿನಲ್ಲಿಟ್ಟು, ಒಂದು ಹಳೇ ಫೈಲ್ ಹಾಕಿ ತೋರಿಸಿ, ಕಾಫಿ ಕುಡಿದು ಬನ್ನಿ. ಅವರು ಪೈಥಾನ್ ಅನ್ನೋ ಹೆಸರೂ ಕೇಳಬೇಕಾಗಿಲ್ಲ.

ಪ್ರಶ್ನೆ: ಕಾಲೇಜಿನ ಲ್ಯಾಬಿನಲ್ಲಿ ಪೈಥಾನ್ 3.6 ಇದೆ. ಪ್ರಾಜೆಕ್ಟಿಗೆ ಬೇಕಾದ ಲೈಬ್ರರಿ ಹಾಕಲು ಹೋದರೆ ‘ಹೊಂದುವ ವರ್ಷನ್ ಸಿಗಲಿಲ್ಲ’ ಅನ್ನುತ್ತದೆ. ಅಡ್ಮಿನ್ ಪಾಸ್‌ವರ್ಡ್ ಕೊಡಲ್ಲ ಸರ್. ಮುಂದಿನ ವಾರ ರಿವ್ಯೂ ಇದೆ!
— ಇಂಜಿನಿಯರಿಂಗ್ ವಿದ್ಯಾರ್ಥಿನಿ, ಕೋಲಾರ

ಉತ್ತರ: 3.6ರ ಆಯಸ್ಸು 2021ರ ಡಿಸೆಂಬರ್‌ನಲ್ಲೇ ಮುಗಿದಿದೆ ಕಣಮ್ಮ. ಆ ಲೈಬ್ರರಿಯವರು 3.6ಕ್ಕೆ ಓಡುವ ವರ್ಷನ್ ಒಂದನ್ನೂ ಪೈಪಿಐನಲ್ಲಿ ಇಟ್ಟಿಲ್ಲ ಅಂತ ಕಾಣುತ್ತೆ, ಇಟ್ಟಿದ್ದರೆ ಪಿಪ್ ಅದನ್ನೇ ಕೊಡುತ್ತಿತ್ತು. ಲ್ಯಾಬಿನ ಪೈಥಾನ್ ಹಾಗೇ ಇರಲಿ ಬಿಡಿ. ವಿಂಡೋಸ್ 10 ಆದರೆ ಪೈಥಾನ್ ಇನ್‌ಸ್ಟಾಲರ್‌ನಲ್ಲಿ ‘ಅಡ್ಮಿನ್’ ಅಥವಾ ‘ಎಲ್ಲರಿಗೂ’ ಅಂತಿರುವುದರ ಟಿಕ್ ತೆಗೆದು, ನಿಮ್ಮ ಲಾಗಿನ್‌ಗೆ ಮಾತ್ರ ಹೊಸ ಪೈಥಾನ್ ಹಾಕಿಕೊಳ್ಳಬಹುದು, ಪಾಸ್‌ವರ್ಡ್ ಕೇಳಲ್ಲ. ಆದರೂ ಹಾಕುವ ಮುಂಚೆ ಲ್ಯಾಬ್ ನೋಡಿಕೊಳ್ಳುವವರಿಗೆ ಒಂದು ಮಾತು ಹೇಳಿರುವುದು ಒಳ್ಳೆಯದು. ಅದರಲ್ಲಿ ಪ್ರಾಜೆಕ್ಟಿಗೆ ಅಂತಲೇ ಒಂದು ವೆನ್ವ್ (ಬೇರೆಯದರ ಜೊತೆ ಬೆರೆಯದ ಪ್ರತ್ಯೇಕ ಪೈಥಾನ್ ಜಾಗ) ಮಾಡಿಕೊಳ್ಳಿ. ಲಿನಕ್ಸ್ ಆದರೆ ಮಾತ್ರ ಸಿಸ್ಟಮ್ ಜೊತೆ ಬಂದಿರುವ ಪೈಥಾನ್ ಮೇಲೆ ಕೈ ಇಡಬೇಡಿ, ಸಿಸ್ಟಮ್ಮಿನ ಎಷ್ಟೋ ಕೆಲಸ ಅದನ್ನೇ ನಂಬಿಕೊಂಡಿರುತ್ತದೆ.

ಪ್ರಶ್ನೆ: ನಮ್ಮೂರ ಹಾಲಿನ ಸೊಸೈಟಿಯ ಲೆಕ್ಕಕ್ಕೆ ಪಿಎಚ್‌ಪಿ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಣ್ಣ ಸೈಟ್ ಮಾಡಿಕೊಟ್ಟಿದ್ದೇನೆ, ಪಿಎಚ್‌ಪಿ 7.4. ಅದಕ್ಕೆ ಬಳಸಿದ್ದ ಲೈಬ್ರರಿಯವರು ಏಕಾಏಕಿ 7.4 ಬಿಟ್ಟಿದ್ದಾರೆ. ಹೀಗೆ ನಡುನೀರಿನಲ್ಲಿ ಕೈಬಿಡೋದು ಸರಿನಾ? ಅವರಿಗೆ ಖಾರವಾಗಿ ಬರೆಯಬೇಕು ಅಂತಿದ್ದೇನೆ.
— ಓದುಗರು, ಚಿಕ್ಕಬಳ್ಳಾಪುರ ತಾಲ್ಲೂಕು

ಉತ್ತರ: ಬರೆಯಬೇಡಿ. ಪಿಎಚ್‌ಪಿಯವರೇ 7.4ನ್ನು 2022ರ ನವೆಂಬರ್‌ನಲ್ಲಿ ಬಿಟ್ಟಿದ್ದಾರೆ, ಏಕಾಏಕಿ ಎಲ್ಲಿಂದ ಬಂತು? ಆ ಲೈಬ್ರರಿಗೆ ನೀವು ಕೊಟ್ಟಿದ್ದು ಎಷ್ಟು ರೂಪಾಯಿ ಅಂತಲೂ ಒಮ್ಮೆ ಯೋಚನೆ ಮಾಡಿ. ಸದ್ಯಕ್ಕೆ, ಪಿಎಚ್‌ಪಿ ಲೈಬ್ರರಿಗಳನ್ನು ಇಳಿಸಿ ಹಾಕುವ ಕಂಪೋಸರ್‌ನಲ್ಲಿ ಹಳೇ ವರ್ಷನ್ ನಂಬರ್ ಬಿಗಿಮಾಡಿ, ಕೆಲಸ ನಿಲ್ಲಲ್ಲ. ಆಮೇಲೆ ಸೈಟಿನ ಒಂದು ನಕಲು ಮಾಡಿ ಪಿಎಚ್‌ಪಿ 8ರಲ್ಲಿ ಓಡಿಸಿ ನೋಡಿ. ನಿಮ್ಮಂಥ ಲೆಕ್ಕದ ಸೈಟಿಗೆ ಒಂದು ದೊಡ್ಡ ಗುಂಡಿ ಇದೆ: 7.4ರಲ್ಲಿ ಸೊನ್ನೆಯನ್ನೂ ಖಾಲಿ ಅಕ್ಷರಸಾಲನ್ನೂ ಎರಡು ಈಕ್ವಲ್ ಚಿಹ್ನೆ ಹಾಕಿ ಹೋಲಿಸಿದರೆ ಎರಡೂ ಒಂದೇ ಅನ್ನುತ್ತಿತ್ತು, 8.0ರಿಂದ ಬೇರೆ ಬೇರೆ ಅನ್ನುತ್ತದೆ. ಫ್ಯಾಟ್ ಕಾಲಂ ಖಾಲಿ ಬಿಟ್ಟ ರೈತರ ಹಾಲನ್ನು ‘ಸೊನ್ನೆ, ಆದ್ದರಿಂದ ಮತ್ತೆ ಅಳೆಯಿರಿ’ ಅಂತ ನಿಮ್ಮ ಕೋಡ್ ತಡೆದು ನಿಲ್ಲಿಸುತ್ತಿದ್ದರೆ, ಹೊಸದರಲ್ಲಿ ಅದು ಸದ್ದಿಲ್ಲದೆ ಮುಂದೆ ಹೋಗಿಬಿಡುತ್ತದೆ. ಒಂದು ಪೂರ್ತಿ ಬಟವಾಡೆಯ ಲೆಕ್ಕವನ್ನು ಹಳೆಯದರಲ್ಲೂ ಹೊಸದರಲ್ಲೂ ಓಡಿಸಿ, ಪೈಸೆಗೆ ಪೈಸೆ ತಾಳೆ ನೋಡಿ, ಆಮೇಲೆ ಬದಲಿಸಿ.