ಪಿ.ಜಿ. ಸೀಟಿಗೆ ಯಾವ ಅಂಕ ಲೆಕ್ಕಕ್ಕೆ ಬರುತ್ತದೆ?

ಪದವಿಯ ಕೊನೆಯ ಸೆಮಿಸ್ಟರ್ ಮುಗಿಯುತ್ತಾ ಬಂದ ಹಾಗೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಸ್ನಾತಕೋತ್ತರ ಪ್ರವೇಶದ ಬಗ್ಗೆಯೇ ಇರುತ್ತವೆ. ಈ ಬಾರಿ ಉಡುಪಿ, ಸುರತ್ಕಲ್, ಮಂಜೇಶ್ವರ, ಬಂಟ್ವಾಳ, ಕಾರ್ಕಳ, ಕುಂದಾಪುರ ಕಡೆಯ ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇವೆ. ಇವರಲ್ಲಿ ಕೆಲವರು ತಮ್ಮ ಒಟ್ಟು ಅಂಕವನ್ನು ಮೊದಲ ಸಾಲಿನಲ್ಲೇ ಬರೆದಿದ್ದಾರೆ. ಆದರೆ ಸೀಟು ಸಿಗುವುದೂ ತಪ್ಪುವುದೂ ಬಹಳ ಸಲ ಅಧಿಸೂಚನೆಯ ಒಂದೇ ಒಂದು ಸಾಲಿನಿಂದ. ಯಾವ ವಿಷಯದ ಅಂಕ, ಯಾವ ನಮೂನೆಯ ಪ್ರಮಾಣಪತ್ರ, ಯಾವ ದಿನಾಂಕದೊಳಗೆ ಎಂಬುದೆಲ್ಲ ಇರುವುದು ಆ ಸಾಲಿನಲ್ಲಿ.

ಪ್ರಶ್ನೆ: ಬಿ.ಎಸ್ಸಿ.ಯಲ್ಲಿ ನನಗೆ ಒಟ್ಟು ಶೇ. 58 ಬಂದಿದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡುವ ಆಸೆ. ಶೇ. 45 ಇದ್ದರೆ ಸಾಕು ಎಂದು ಸೀನಿಯರ್‌ಗಳು ಹೇಳುತ್ತಾರೆ, ನಿನಗೆ ಅರ್ಹತೆಯೇ ಬರುವುದಿಲ್ಲ ಎಂದು ನಮ್ಮ ಮೇಡಂ ಹೇಳುತ್ತಾರೆ. ಯಾರ ಮಾತು ಸರಿ? ಅಂಕಗಳನ್ನು ಜೊತೆಗಿಟ್ಟಿದ್ದೇನೆ. – ವಿದ್ಯಾರ್ಥಿನಿ, ಉಡುಪಿ

ಉತ್ತರ: ಇಬ್ಬರ ಮಾತೂ ಸರಿಯಾಗಬಹುದು. ನೀವು ಕಳಿಸಿದ ಅಂಕಗಳನ್ನೇ ನೋಡೋಣ. ಭಾಷೆ ಮತ್ತು ಕಡ್ಡಾಯ ವಿಷಯಗಳಲ್ಲಿ 1000ಕ್ಕೆ 760. ಎರಡು ಐಚ್ಛಿಕ ವಿಷಯಗಳಲ್ಲಿ ಸೇರಿ 2000ಕ್ಕೆ 980, ಅದರಲ್ಲಿ ರಸಾಯನಶಾಸ್ತ್ರದ್ದು 1000ಕ್ಕೆ 445. ಎಲ್ಲ ಕೂಡಿಸಿದರೆ 3000ಕ್ಕೆ 1740, ಅಂದರೆ ಶೇ. 58. ಭಾಷೆಯನ್ನು ಬಿಟ್ಟರೆ ಶೇ. 49. ರಸಾಯನಶಾಸ್ತ್ರ ಮಾತ್ರ ತೆಗೆದುಕೊಂಡರೆ ಶೇ. 44.5. ಒಂದೇ ಅಂಕಪಟ್ಟಿಯಿಂದ ಮೂರು ಪರ್ಸೆಂಟೇಜ್ ಬಂತು.

ಅಧಿಸೂಚನೆಯಲ್ಲಿ "ಭಾಷೆಗಳನ್ನು ಹೊರತುಪಡಿಸಿ ಐಚ್ಛಿಕ ವಿಷಯಗಳಲ್ಲಿ ಒಟ್ಟಾರೆ ಶೇ. 45" ಎಂದಿದ್ದರೆ ನೀವು ಅರ್ಹರು. "ಸಂಬಂಧಿತ ವಿಷಯದಲ್ಲಿ ಶೇ. 45" ಎಂದಿದ್ದರೆ ನಿಮಗೆ ಅರ್ಧ ಶೇಕಡಾ ಕಡಿಮೆ ಬೀಳುತ್ತದೆ. 44.5 ಅನ್ನು 45 ಎಂದು ಮಾಡಿಕೊಳ್ಳುತ್ತಾರೆ ಎಂದು ನಂಬಿ ಕೂರಬೇಡಿ. ಹಾಗೆ ಮಾಡಬಹುದೆಂದು ನಿಯಮದಲ್ಲೇ ಬರೆದಿದ್ದರೆ ಮಾತ್ರ ಸಾಧ್ಯ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಪ್ರವರ್ಗ-1ರವರಿಗೆ ಸಾಮಾನ್ಯವಾಗಿ ಐದು ಶೇಕಡಾ ರಿಯಾಯಿತಿ ಇರುತ್ತದೆ. ನೀವು ಆ ವರ್ಗದವರಾಗಿದ್ದರೆ ಈ ಚಿಂತೆಯೇ ಬೇಡ.

ಇನ್ನು ಎರಡು ವಿಚಾರ. ಕೊಣಾಜೆಯಲ್ಲಿ ರಸಾಯನಶಾಸ್ತ್ರ ಎಂಬ ಒಂದೇ ಹೆಸರಿನ ಬಾಗಿಲಿಲ್ಲ. ಕೈಗಾರಿಕಾ ರಸಾಯನಶಾಸ್ತ್ರ, ವಸ್ತುವಿಜ್ಞಾನದಂತಹ ಕೋರ್ಸುಗಳೂ ಇವೆ, ಪ್ರತಿಯೊಂದಕ್ಕೂ ಅರ್ಹತೆಯ ಸಾಲು ಬೇರೆ. ಅವನ್ನೂ ಒಂದೊಂದಾಗಿ ಓದಿ. ಎರಡನೆಯದು, ಅರ್ಹತೆ ಬಂದ ಮಾತ್ರಕ್ಕೆ ಸೀಟು ಬಂತು ಎಂದು ತಿಳಿಯಬೇಡಿ. ಕನಿಷ್ಠ ಅಂಕ ಇದ್ದವರೆಲ್ಲ ಅರ್ಜಿ ಹಾಕಬಹುದು, ಆಮೇಲೆ ಮೆರಿಟ್ ಪಟ್ಟಿಯಲ್ಲಿ ಮೇಲಿನಿಂದ ಕೆಳಕ್ಕೆ ಸೀಟು ಹಂಚಿಕೆ ನಡೆಯುತ್ತದೆ. ಬೇಡಿಕೆ ಹೆಚ್ಚಿರುವ ವಿಷಯದಲ್ಲಿ ಪಟ್ಟಿ ಕನಿಷ್ಠ ಅಂಕದ ಹತ್ತಿರಕ್ಕೂ ಇಳಿಯದೆ ನಿಲ್ಲಬಹುದು. ಹಾಗಾಗಿ ಒಂದೇ ಕೋರ್ಸಿಗೆ, ಒಂದೇ ಕ್ಯಾಂಪಸ್ಸಿಗೆ ಅರ್ಜಿ ಹಾಕಿ ಕಾಯುವುದು ಒಳ್ಳೆಯದಲ್ಲ. ಮಂಗಳೂರಿನ ಸ್ವಾಯತ್ತ ಕಾಲೇಜುಗಳಲ್ಲೂ ಪಿ.ಜಿ. ಇದೆ, ಅವುಗಳ ಅರ್ಜಿಯ ದಿನಾಂಕ ವಿಶ್ವವಿದ್ಯಾನಿಲಯದ್ದಕ್ಕಿಂತ ಬೇರೆ ಇರುತ್ತದೆ.

ಕೊನೆಯ ಸೆಮಿಸ್ಟರಿನ ರಸಾಯನಶಾಸ್ತ್ರ ಪತ್ರಿಕೆಯಲ್ಲಿ ಅಂಕ ಕಡಿಮೆ ಬಂದಿದೆ ಎನಿಸಿದರೆ ಮರುಮೌಲ್ಯಮಾಪನಕ್ಕೆ ಹಾಕಿ. ನಿಮಗೆ ಬೇಕಿರುವುದು ಐದೇ ಅಂಕ. ಆದರೆ ಅದರ ಫಲಿತಾಂಶಕ್ಕೆ ಕಾಯುತ್ತಾ ಪ್ರವೇಶದ ಅರ್ಜಿಯ ಗಡುವು ಮೀರಿಸಿಕೊಳ್ಳಬೇಡಿ.

ಪ್ರಶ್ನೆ: ಸುರತ್ಕಲ್‌ನವನು. ಇಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ (ಎನ್‌ಐಟಿಕೆ) ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಅಲ್ಲಿ ಭೌತಶಾಸ್ತ್ರ ಎಂ.ಎಸ್ಸಿ.ಗೆ ಸ್ಥಳೀಯರಿಗೆ ಕೋಟಾ ಇದೆಯೇ? ನನ್ನ ಬಳಿ 2ಎ ಪ್ರಮಾಣಪತ್ರ ಇದೆ. ಜೂನ್‌ನಲ್ಲಿ ಅರ್ಜಿ ಹಾಕಿದರೆ ಸಾಕೇ? – ದ್ವಿತೀಯ ಬಿ.ಎಸ್ಸಿ. ವಿದ್ಯಾರ್ಥಿ

ಉತ್ತರ: ದ್ವಿತೀಯ ವರ್ಷದಲ್ಲೇ ಕೇಳಿದ್ದು ತುಂಬಾ ಒಳ್ಳೆಯದಾಯಿತು. ಫೈನಲ್ ಇಯರ್‌ನ ಜೂನ್‌ನಲ್ಲಿ ಕೇಳಿದ್ದರೆ ಒಂದು ವರ್ಷ ಹೋಗುತ್ತಿತ್ತು. ಎನ್‌ಐಟಿಗಳ ಎಂ.ಎಸ್ಸಿ.ಗೆ ಐಐಟಿಗಳು ನಡೆಸುವ ಜಾಮ್ ಪರೀಕ್ಷೆ ಬರೆಯಬೇಕು. ಪರೀಕ್ಷೆ ಫೆಬ್ರವರಿಯಲ್ಲಿ, ಅದಕ್ಕೆ ಅರ್ಜಿ ತುಂಬುವುದು ಹಿಂದಿನ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಅಂದರೆ ನೀವು ಐದನೇ ಸೆಮಿಸ್ಟರಿನಲ್ಲಿ ಇರುವಾಗಲೇ ಅರ್ಜಿ ಹೋಗಿರಬೇಕು. ಫಲಿತಾಂಶ ಬಂದ ಮೇಲೆ ಸಿಸಿಎಂಎನ್ ಎಂಬ ಕೇಂದ್ರೀಕೃತ ಕೌನ್ಸೆಲಿಂಗ್‌ಗೆ ಬೇರೆಯಾಗಿ ನೋಂದಣಿ ಮಾಡಬೇಕು. ಜಾಮ್ ಬರೆದ ಮಾತ್ರಕ್ಕೆ ಸಿಸಿಎಂಎನ್ ತನ್ನಿಂದ ತಾನೇ ಆಗುವುದಿಲ್ಲ. ಜಾಮ್ ಅಂಕ ಆ ವರ್ಷಕ್ಕೆ ಮಾತ್ರ. ಎಂ.ಟೆಕ್.ಗೆ ಬೇಕಾದ ಗೇಟ್ ಅಂಕದ ಹಾಗೆ ಮೂರು ವರ್ಷ ಬಾಳುವುದಿಲ್ಲ.

ಪತ್ರಿಕೆ 100 ಅಂಕದ್ದು, 60 ಪ್ರಶ್ನೆ, ಮೂರು ಗಂಟೆ. ಮೊದಲ 30 ಪ್ರಶ್ನೆಗಳಿಗೆ ಒಂದೇ ಸರಿಯುತ್ತರ, ಅಲ್ಲಿ ತಪ್ಪಿದರೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತ. ನಂತರದ 10ರಲ್ಲಿ ಒಂದಕ್ಕಿಂತ ಹೆಚ್ಚು ಸರಿಯುತ್ತರ ಇರಬಹುದು, ಕೊನೆಯ 20ಕ್ಕೆ ಉತ್ತರ ಸಂಖ್ಯೆಯಲ್ಲಿ. ಈ ಎರಡರಲ್ಲೂ ಕಡಿತ ಇಲ್ಲ, ಆದ್ದರಿಂದ ಖಾಲಿ ಬಿಡಬೇಡಿ. ಪದವಿಯಲ್ಲಿ ಶೇ. 60 ಅಥವಾ 6.5 ಸಿಜಿಪಿಎ ಬೇಕು. ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಶೇ. 55 ಅಥವಾ 6.0.

ಸ್ಥಳೀಯರ ಕೋಟಾ ಇಲ್ಲ. ಬಿ.ಟೆಕ್.ನಲ್ಲಿ ಕರ್ನಾಟಕದವರಿಗೆ ಮೀಸಲಾದ ಸೀಟುಗಳಿರುವುದರಿಂದ ಈ ಗೊಂದಲ ಹುಟ್ಟುತ್ತದೆ, ಪಿ.ಜಿ.ಯಲ್ಲಿ ಅದು ಅನ್ವಯಿಸುವುದಿಲ್ಲ.

2ಎ ಪ್ರಮಾಣಪತ್ರದ ವಿಷಯ ಸ್ವಲ್ಪ ಗಮನವಿಟ್ಟು ಓದಿ. ಪ್ರತಿವರ್ಷ ಮಕ್ಕಳು ಎಡವುವುದು ಇಲ್ಲೇ. 2ಎ, 2ಬಿ, 3ಎ, 3ಬಿ ಎಂಬುದು ರಾಜ್ಯ ಸರ್ಕಾರದ ವರ್ಗೀಕರಣ. ಎನ್‌ಐಟಿ ಕೇಂದ್ರದ ಸಂಸ್ಥೆ. ಅಲ್ಲಿ ಬೇಕಾದದ್ದು ಕೇಂದ್ರದ ನಮೂನೆಯ ಒಬಿಸಿ, ಕೆನೆಪದರಕ್ಕೆ ಸೇರದವರು ಎಂಬ ಪ್ರಮಾಣಪತ್ರ, ಅದೂ ಆಯಾ ಆರ್ಥಿಕ ವರ್ಷದ್ದು, ಅಂದರೆ ಏಪ್ರಿಲ್ 1ರ ನಂತರ ಪಡೆದದ್ದು. ನಿಮ್ಮ ಜಾತಿಯ ಹೆಸರು ಕೇಂದ್ರದ ಒಬಿಸಿ ಪಟ್ಟಿಯಲ್ಲೂ ಇದೆಯೇ ಎಂದು ಮೊದಲು ನೋಡಿ. ರಾಜ್ಯದ ಪಟ್ಟಿಯಲ್ಲಿದ್ದು ಕೇಂದ್ರದ ಪಟ್ಟಿಯಲ್ಲಿ ಇಲ್ಲದ ಜಾತಿಗಳೂ ಇವೆ. ನಾಡಕಚೇರಿಯಲ್ಲಿ ಸುಮ್ಮನೆ "ಜಾತಿ-ಆದಾಯ ಬೇಕು" ಎಂದರೆ ರಾಜ್ಯದ್ದನ್ನೇ ಕೊಡುತ್ತಾರೆ. "ಕೇಂದ್ರದ ಒಬಿಸಿ ನಮೂನೆ" ಎಂದು ಬಿಡಿಸಿ ಹೇಳಿ ಅರ್ಜಿ ಹಾಕಿ. ರಾಜ್ಯದ ಜಾತಿ-ಆದಾಯ ಪ್ರಮಾಣಪತ್ರವನ್ನೂ ಇಟ್ಟುಕೊಳ್ಳಿ. ಕೊಣಾಜೆಗೂ ರಾಜ್ಯದ ಪಿ.ಜಿ. ಪ್ರವೇಶ ಪರೀಕ್ಷೆಯಾದ ಪಿಜಿಸಿಇಟಿಗೂ ಅದು ಬೇಕು, ಅದರ ಮೇಲಿರುವ ಆರ್‌ಡಿ ನಂಬರ್ ಬರೆದಿಟ್ಟುಕೊಳ್ಳಿ.

ಪ್ರಶ್ನೆ: ಮಂಜೇಶ್ವರದವಳು, ಕಣ್ಣೂರು ವಿಶ್ವವಿದ್ಯಾನಿಲಯದ ಬಿ.ಎ. ಮಂಗಳೂರಿನಲ್ಲಿ ಎಂ.ಎ. ಮಾಡುವುದೋ, ಪೆರಿಯದ ಕೇಂದ್ರೀಯ ವಿಶ್ವವಿದ್ಯಾನಿಲಯಕ್ಕೆ ಹೋಗುವುದೋ ಎಂದು ಯೋಚಿಸುತ್ತಿದ್ದೇನೆ. ಮನೆಯಲ್ಲಿ ಎರಡಕ್ಕೂ ಒಪ್ಪಿಗೆ ಇದೆ.

ಉತ್ತರ: ಎರಡಕ್ಕೂ ಹಾಕಿ, ಆದರೆ ದಾರಿ ಬೇರೆ ಬೇರೆ ಎಂಬುದು ನೆನಪಿರಲಿ.

ಮಂಗಳೂರಿಗೆ ಬರುವುದಾದರೆ ನೀವು ಹೊರ ವಿಶ್ವವಿದ್ಯಾನಿಲಯದ ಅಭ್ಯರ್ಥಿ. ಕಾಲೇಜಿನ ಟಿ.ಸಿ. ಜೊತೆಗೆ ಕಣ್ಣೂರಿನಿಂದ ಮೈಗ್ರೇಶನ್ ಸರ್ಟಿಫಿಕೇಟ್ ಬೇಕು. ನಿಮ್ಮ ಅಂಕಪಟ್ಟಿ ಗ್ರೇಡಿನಲ್ಲಿದ್ದರೆ ಗ್ರೇಡನ್ನು ಶೇಕಡಾವಾರಿಗೆ ತಿರುಗಿಸುವ ಸೂತ್ರವನ್ನು ನಿಮ್ಮ ವಿಶ್ವವಿದ್ಯಾನಿಲಯದಿಂದಲೇ ಬರವಣಿಗೆಯಲ್ಲಿ ಪಡೆಯಿರಿ. ನೀವಾಗಿ ಹತ್ತರಿಂದ ಗುಣಿಸಿ ಅರ್ಜಿಯಲ್ಲಿ ತುಂಬಿದರೆ ದಾಖಲೆ ಪರಿಶೀಲನೆಯಲ್ಲಿ ಸಂಖ್ಯೆ ಬದಲಾಗಿ ಪಟ್ಟಿಯಲ್ಲಿ ಕೆಳಕ್ಕೆ ಹೋಗಬಹುದು. ಕೇರಳದ ಜಾತಿ ಪ್ರಮಾಣಪತ್ರದ ಮೇಲೆ ಕರ್ನಾಟಕದ ಮೀಸಲಾತಿ ಸಿಗುವುದಿಲ್ಲ, ಸಾಮಾನ್ಯ ವರ್ಗದಲ್ಲೇ ಸ್ಪರ್ಧೆ. ಹಾಗೆಂದು ಕೈಬಿಡಬೇಡಿ. ಅಧಿಸೂಚನೆಯಲ್ಲಿ ಗಡಿನಾಡ ಅಥವಾ ಹೊರನಾಡ ಕನ್ನಡಿಗರಿಗೆಂದು ಸೀಟು ತೋರಿಸಿದ್ದಾರೆಯೇ ಎಂದು ಹುಡುಕಿ ನೋಡಿ.

ಪೆರಿಯಕ್ಕೆ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. 75 ಪ್ರಶ್ನೆ, ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ, ಒಟ್ಟು 300. ಕೋರ್ಸಿಗೆ ತಕ್ಕ ಪತ್ರಿಕೆಯ ಕೋಡ್ ಆರಿಸುವುದೇ ಇಲ್ಲಿ ಮುಖ್ಯ ಕೆಲಸ. ಕೋಡ್ ತಪ್ಪಿದರೆ ಎಷ್ಟು ಅಂಕ ಬಂದರೂ ಆ ಕೋರ್ಸಿಗೆ ಉಪಯೋಗವಿಲ್ಲ. ಫಲಿತಾಂಶ ಬಂದ ಮೇಲೆ ವಿಶ್ವವಿದ್ಯಾನಿಲಯದ ಸ್ವಂತ ಪೋರ್ಟಲಿನಲ್ಲಿ ಮತ್ತೊಮ್ಮೆ ನೋಂದಾಯಿಸಬೇಕು. ಪರೀಕ್ಷೆಯ ಅರ್ಜಿಯಲ್ಲೇ ವಿಶ್ವವಿದ್ಯಾನಿಲಯದ ಹೆಸರು ಹಾಕಿದ್ದೇನಲ್ಲ ಎಂದು ಸುಮ್ಮನಿದ್ದು, ಒಳ್ಳೆಯ ಅಂಕ ಬಂದೂ ಸೀಟು ಕಳೆದುಕೊಳ್ಳುವವರಿದ್ದಾರೆ. ನೀವು ಒಬಿಸಿ ಆಗಿದ್ದರೆ ಕೇರಳದ ಕಂದಾಯ ಇಲಾಖೆ ಕೊಟ್ಟ ಕೇಂದ್ರ ನಮೂನೆಯ ಪ್ರಮಾಣಪತ್ರ ಅಲ್ಲಿ ನಡೆಯುತ್ತದೆ.

ಪ್ರಶ್ನೆ: ಎಸ್ಸೆಸ್ಸೆಲ್ಸಿಯಲ್ಲಿ ನನ್ನ ಹೆಸರು "ದೀಕ್ಷಿತ್ ಕೆ.", ಆಧಾರ್‌ನಲ್ಲಿ "ದೀಕ್ಷಿತ್ ಕುಲಾಲ್", ಡಿಗ್ರಿ ಮಾರ್ಕ್ಸ್ ಕಾರ್ಡಿನಲ್ಲಿ "ಕೆ. ದೀಕ್ಷಿತ್". ಪ್ರವೇಶಕ್ಕೆ ತೊಂದರೆ ಆದೀತೇ? – ಬಂಟ್ವಾಳ

ಉತ್ತರ: ಆಗುತ್ತದೆ, ಈಗಲೇ ಸರಿಮಾಡಿಕೊಳ್ಳಿ. ನಮ್ಮ ಕರಾವಳಿಯಲ್ಲಿ ಇನಿಷಿಯಲ್ ಎಂದರೆ ಮನೆಹೆಸರೂ ಆಗಬಹುದು, ಊರೂ ಆಗಬಹುದು, ತಾಯಿಯ ಕಡೆಯ ಹೆಸರೂ ಆಗಬಹುದು. ಆನ್‌ಲೈನ್ ವ್ಯವಸ್ಥೆಗೆ ಅದೆಲ್ಲ ತಿಳಿಯದು, ಅಕ್ಷರ ಹೊಂದದಿದ್ದರೆ ಅದಕ್ಕೆ ನೀವು ಬೇರೆ ವ್ಯಕ್ತಿ. ಡಿಜಿಲಾಕರ್‌ಗೆ ಅಂಕಪಟ್ಟಿ ಬರುವುದು, ಕ್ರೆಡಿಟ್‌ಗಳನ್ನು ಜಮಾ ಮಾಡುವ ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಖಾತೆ ತೆರೆಯುವುದು, ವಿದ್ಯಾರ್ಥಿವೇತನ ಬ್ಯಾಂಕಿಗೆ ಬೀಳುವುದು, ಎಲ್ಲವೂ ಆಧಾರ್‌ನ ಹೆಸರಿಗೆ ಅಂಟಿಕೊಂಡಿವೆ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೇ ಮೂಲವಾಗಿ ಹಿಡಿಯಿರಿ. ಅದನ್ನು ತಿದ್ದಿಸಬೇಕಾದರೆ ಓದಿದ ಶಾಲೆಯ ಮೂಲಕ ಮಂಡಳಿಯವರೆಗೆ ಹೋಗಬೇಕು, ದೀರ್ಘ ಕೆಲಸ. ಆಧಾರ್ ಅನ್ನು ಅದಕ್ಕೆ ಹೊಂದಿಸುವುದು ಸುಲಭ. ಆದರೆ ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹಾಗಾಗಿ ಚುಕ್ಕಿ, ಖಾಲಿ ಜಾಗ ಸಹಿತ ನೋಡಿ ಕೊಡಿ. ಡಿಗ್ರಿಯ ಹೆಸರನ್ನು ಘಟಿಕೋತ್ಸವದ ಪ್ರಮಾಣಪತ್ರ ಮುದ್ರಣವಾಗುವ ಮೊದಲೇ ಕಾಲೇಜಿನ ಮೂಲಕ ಪರೀಕ್ಷಾಂಗಕ್ಕೆ ಬರೆದು ತಿದ್ದಿಸಿ. ಮೂರೂ ಹೆಸರು ಒಬ್ಬನದೇ ಎಂದು ನೋಟರಿ ಮುಂದೆ ಮಾಡಿಸುವ ಅಫಿಡವಿಟ್ ಸದ್ಯದ ಪ್ರವೇಶಕ್ಕೆ ಕೈಹಿಡಿದೀತು, ಪಾಸ್‌ಪೋರ್ಟ್ ಮತ್ತು ವೀಸಾಕ್ಕೆ ಅದನ್ನೇ ನಂಬಿಕೊಳ್ಳುವಂತಿಲ್ಲ.

ಪ್ರಶ್ನೆ: ಬಿ.ಇ. ಮೆಕ್ಯಾನಿಕಲ್, ಸಿಜಿಪಿಎ 7.2. ಜರ್ಮನಿಯಲ್ಲಿ ಮಾಸ್ಟರ್ಸ್ ಮಾಡಬೇಕು. ಕನ್ಸಲ್ಟೆನ್ಸಿಯವರು ಒಬ್ಬರು ಆಗುತ್ತದೆ ಎನ್ನುತ್ತಾರೆ, ಇನ್ನೊಬ್ಬರು ಆಗದು ಎನ್ನುತ್ತಾರೆ. – ಕಾರ್ಕಳ

ಉತ್ತರ: ಲೆಕ್ಕ ನೀವೇ ಮಾಡಬಹುದು. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಬರೇ ಪಾಸ್. ನಿಮ್ಮ ಅಂಕವನ್ನು ತಿರುಗಿಸುವ ಸೂತ್ರ ಹೀಗೆ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಗರಿಷ್ಠದಿಂದ ಕನಿಷ್ಠ ಪಾಸ್ ಅಂಕ ಕಳೆದು ಬಂದದ್ದರಿಂದ ಅದನ್ನು ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. ಕನಿಷ್ಠ ಪಾಸ್ 4 ಎಂದಿಟ್ಟರೆ 2.8 ಭಾಗಿಸು 6, ಗುಣಿಸು 3, ಕೂಡಿಸು 1, ಉತ್ತರ 2.4. ಕನಿಷ್ಠ ಪಾಸ್ 5 ಎಂದಿಟ್ಟರೆ 2.68. ಕೋರ್ಸು 2.5 ಕೇಳಿದರೆ ಮೊದಲ ಲೆಕ್ಕದಲ್ಲಿ ಒಳಗೆ, ಎರಡನೆಯದರಲ್ಲಿ ಹೊರಗೆ. ನಿಮ್ಮ ಇಬ್ಬರು ಕನ್ಸಲ್ಟೆಂಟ್‌ಗಳ ಜಗಳ ಬಹುಶಃ ಇದೇ. ಪದವಿ ಪಡೆಯಲು ಬೇಕಾದ ಕನಿಷ್ಠ ಅಂಕ ಎಷ್ಟು ಎಂಬುದನ್ನು ನಿಮ್ಮ ವಿಶ್ವವಿದ್ಯಾನಿಲಯದ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ನಮೂದಿಸಿಕೊಳ್ಳಿ.

ಅದಕ್ಕಿಂತಲೂ ಹೆಚ್ಚು ಮಂದಿ ತಿರಸ್ಕೃತರಾಗುವುದು ವಿಷಯ ಹೊಂದದೆ. ಗಣಿತದಲ್ಲಿ ಇಷ್ಟು, ಮೆಕ್ಯಾನಿಕ್ಸ್‌ನಲ್ಲಿ ಇಷ್ಟು ಇಸಿಟಿಎಸ್ (ಯುರೋಪಿನ ಅಳತೆಯ) ಕ್ರೆಡಿಟ್ ಬೇಕು ಎಂದು ಕೋರ್ಸಿನ ಪುಟದಲ್ಲಿರುತ್ತದೆ. ನಿಮ್ಮ ಸಿಲೆಬಸ್ ತೆರೆದಿಟ್ಟು ಒಂದೊಂದು ಪತ್ರಿಕೆಯನ್ನೂ ಅದರ ಎದುರಿಗೆ ಬರೆದು ನೋಡಿ. ಹೊಂದದ ಕಡೆ ಅರ್ಜಿ ಶುಲ್ಕ ಕಳೆಯಬೇಡಿ.

ಭಾರತದ ವಿದ್ಯಾರ್ಥಿಗಳಿಗೆ ಅಂಕಪಟ್ಟಿ, ಪದವಿಯ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರ ಕಡ್ಡಾಯ, ಶುಲ್ಕ 18,000 ರೂಪಾಯಿ. ಅದು ಕೈಸೇರಲು ವಾರಗಟ್ಟಲೆ ಹಿಡಿಯುವುದರಿಂದ ಎಲ್ಲಕ್ಕಿಂತ ಮೊದಲು ಅದಕ್ಕೇ ಹಾಕಿ. ಅನೇಕ ವಿಶ್ವವಿದ್ಯಾನಿಲಯಗಳು ಯೂನಿ-ಅಸಿಸ್ಟ್ ಎಂಬ ಕೇಂದ್ರೀಕೃತ ಅರ್ಜಿ ಸೇವೆಯ ಮೂಲಕ ಅರ್ಜಿ ತೆಗೆದುಕೊಳ್ಳುತ್ತವೆ: ಮೊದಲ ಅರ್ಜಿಗೆ 75 ಯೂರೋ, ಮುಂದಿನ ಒಂದೊಂದಕ್ಕೂ 30. ವೀಸಾಕ್ಕೆ ಬ್ಲಾಕ್ಡ್ ಅಕೌಂಟಿನಲ್ಲಿ (ತಿಂಗಳಿಗೆ ಇಷ್ಟೇ ಎಂದು ಹಣ ತೆಗೆಯಬಹುದಾದ ಖಾತೆ) ವರ್ಷಕ್ಕೆ 11,904 ಯೂರೋ ತೋರಿಸಬೇಕು. ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವಿಲ್ಲ. ಆದರೆ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಐರೋಪ್ಯ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ಇದೆ. ಸಾಲಕ್ಕೆ ಬ್ಯಾಂಕಿಗೆ ಹೋಗುವ ಮೊದಲು ಇದನ್ನೂ ಲೆಕ್ಕಕ್ಕೆ ಸೇರಿಸಿ.

ಪ್ರಶ್ನೆ: ಎಂ.ಕಾಂ.ನಲ್ಲಿ ಶೇ. 53. ಪಿಎಚ್.ಡಿ. ಮಾಡಬಹುದೇ? – ಕುಂದಾಪುರ

ಉತ್ತರ: ಯುಜಿಸಿಯ 2022ರ ನಿಯಮದಂತೆ ಸ್ನಾತಕೋತ್ತರದಲ್ಲಿ ಶೇ. 55 ಬೇಕು. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಒಬಿಸಿ, ಆರ್ಥಿಕವಾಗಿ ದುರ್ಬಲ ವರ್ಗ ಮತ್ತು ಅಂಗವಿಕಲರಿಗೆ ಶೇ. 50 ಸಾಕು. ಈ ಯಾವುದಕ್ಕೂ ನೀವು ಸೇರದಿದ್ದರೆ ಸದ್ಯ ದಾರಿಯಿಲ್ಲ. ಸೇರಿದ್ದರೆ ಯುಜಿಸಿಯ ರಾಷ್ಟ್ರೀಯ ಅರ್ಹತಾ ಪರೀಕ್ಷೆ, ಅಂದರೆ ನೆಟ್ ಬರೆಯಿರಿ. 2024ರ ಜೂನ್‌ನಿಂದ ನೆಟ್‌ನಲ್ಲಿ ಮೂರು ವರ್ಗದ ಫಲಿತಾಂಶ ಕೊಡುತ್ತಾರೆ: ಸಂಶೋಧನಾ ಫೆಲೋಶಿಪ್ ಸಿಗುವುದು ಮೊದಲನೆಯದು, ಫೆಲೋಶಿಪ್ ಇಲ್ಲದೆ ಸಹಾಯಕ ಪ್ರಾಧ್ಯಾಪಕ ಹುದ್ದೆಗೂ ಪಿಎಚ್.ಡಿ.ಗೂ ಅರ್ಹತೆ ಎರಡನೆಯದು, ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ ಅರ್ಹತೆ ಎಂಬುದು ಮೂರನೆಯದು. ಎರಡನೇ ಮತ್ತು ಮೂರನೇ ವರ್ಗದವರಿಗೆ ಪ್ರವೇಶದಲ್ಲಿ ನೆಟ್ ಅಂಕಕ್ಕೆ ಶೇ. 70, ಸಂದರ್ಶನಕ್ಕೆ ಶೇ. 30 ತೂಕ, ಮತ್ತು ಆ ಅಂಕ ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತದೆ. ಆದ್ದರಿಂದ ನೆಟ್ ಬರೆಯುವ ಮೊದಲೇ ನಿಮ್ಮ ವಿಷಯದಲ್ಲಿ ಸೀಟು ಖಾಲಿ ಇರುವ ಮಾರ್ಗದರ್ಶಕರು ಯಾರು ಎಂದು ವಿಭಾಗದಲ್ಲಿ ವಿಚಾರಿಸಿ ಇಟ್ಟುಕೊಳ್ಳಿ.