ಸೂಪರ್ ಫ್ಯಾಮಿಕಾಮ್ ಪ್ಲಗ್ ಗೋಡೆಗೆ ಹಾಕುವ ಮೊದಲು ಇದನ್ನು ಓದಿ

ಬ್ರದರ್, ಮೊದಲು ಆ ಪ್ಲಗ್ ಕೀಳಿ, ಆಮೇಲೆ ಮುಂದೆ ಓದಿ. ನೀವು ಹಾಕಿದ ಫೋಟೋದಲ್ಲಿ ಸೂಪರ್ ಫ್ಯಾಮಿಕಾಮ್ (ನಿಂಟೆಂಡೊದ ಹಳೆಯ ಜಪಾನಿ ವಿಡಿಯೋ ಗೇಮ್ ಸೆಟ್) ಜೊತೆ ಬಂದ ಜಪಾನಿನ ಅಡಾಪ್ಟರನ್ನು ಪಿನ್ ಕನ್ವರ್ಟರಿಗೆ ಸಿಕ್ಕಿಸಿ "ಇಷ್ಟು ಸಾಕಲ್ವಾ?" ಅಂತ ಕೇಳಿದ್ದೀರಿ. ಸಾಲದು. ಕನ್ವರ್ಟರ್ ಬದಲಿಸುವುದು ಪಿನ್ನಿನ ಆಕಾರ ಮಾತ್ರ. ಅಡಾಪ್ಟರ್ 100 ವೋಲ್ಟಿನದು, ನಮ್ಮ ಗೋಡೆಯಲ್ಲಿ ಬರುವುದು 230. ನಾನೂ ಹೀಗೇ ಹಾಕಿ, ಸುಟ್ಟ ವಾರ್ನಿಷ್ ವಾಸನೆ ಕುಡಿದವನು.

ಮೇಲಿನ ಕಾಮೆಂಟಿನಲ್ಲಿ ಯಾರೋ 230ನ್ನು 100ಕ್ಕೆ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ತಗೊಳ್ಳಿ ಅಂದಿದ್ದಾರೆ. ತಪ್ಪಲ್ಲ, ಆದರೆ ಈ ಒಂದು ಡಬ್ಬಿಗೆ ಸುಮ್ನೆ ಭಾರ. ಜಪಾನಿನ ಅಡಾಪ್ಟರ್ ಕೊಡುವುದು 10 ವೋಲ್ಟ್ ಡಿಸಿ, 850 ಮಿಲಿಆಂಪ್. ಒಳಗೆ 7805 ರೆಗ್ಯುಲೇಟರ್ ಅದನ್ನು 5 ವೋಲ್ಟಿಗೆ ಇಳಿಸುತ್ತದೆ. ಹಾಗಾಗಿ ಇಲ್ಲಿಯದೇ 9 ವೋಲ್ಟ್, 1 ಆಂಪ್ ಅಡಾಪ್ಟರ್ ಧಾರಾಳ ಸಾಕು. ಸೆಟ್ಟಿಗೆ ಹೋಗುವ ಪಿನ್ ಹೊರಗೆ 5.5, ಒಳಗೆ 2.1 ಮಿಮೀ. ಆದರೆ ನಡುವೆ ಮೈನಸ್ ಇರಬೇಕು, ಇದನ್ನು ಮರೆಯಬೇಡಿ! ವೈಫೈ ರೂಟರಿನದು ಸಾಮಾನ್ಯವಾಗಿ ನಡುವೆ ಪ್ಲಸ್, ಹೆಚ್ಚಿನವು 12 ವೋಲ್ಟ್ ಬೇರೆ. ಅದನ್ನು ಹಾಕಿ "ಸೆಟ್ ಸತ್ತಿದೆ" ಅಂತ ಮಾರಿದವನಿಗೆ ಬೈಯಬೇಡಿ. ಗಿಟಾರ್ ಪೆಡಲ್‌ಗೆ ಬರುವುದರಲ್ಲಿ ನಡುವೆ ಮೈನಸ್ ಇರುತ್ತದೆ, ಆದರೆ ಎಷ್ಟೋ ಪೆಡಲ್ ಅಡಾಪ್ಟರಿನಲ್ಲಿ ಕರೆಂಟ್ ಸಾಲದು, ಆಂಪ್ ನೋಡಿ ತಗೊಳ್ಳಿ. ಗೋಣಿಕೊಪ್ಪದಲ್ಲಿ ಸಿಗದಿದ್ದರೆ ಮೈಸೂರಿನ ವಾದ್ಯದ ಅಂಗಡಿಯಲ್ಲಿ ಕೇಳಿ. ಅಡಾಪ್ಟರ್ ಮೇಲಿನ ಚಿತ್ರ ನೋಡಿ ನಂಬಬೇಡಿ, ಮಲ್ಟಿಮೀಟರ್ ಇಟ್ಟೇ ನೋಡಿ. ಸೆಗಾದ ಹಳೆಯ ಗೇಮ್ ಸೆಟ್ ಮೆಗಾ ಡ್ರೈವ್ ಒಂದನೇ ಮಾಡೆಲಿನ 230 ವೋಲ್ಟ್ ಅಡಾಪ್ಟರ್ ಮನೆಯಲ್ಲಿದ್ದರೆ ಅದೂ ಆಗುತ್ತದೆ. ಅಮೆರಿಕದ ಎನ್‌ಇಎಸ್ (ನಿಂಟೆಂಡೊದ ಇನ್ನೂ ಹಳೆಯ ಸೆಟ್) ಅಡಾಪ್ಟರ್ ಮಾತ್ರ ಬೇಡವೇ ಬೇಡ, ಅದು ಕೊಡುವುದು ಎಸಿ, ಡಿಸಿ ಅಲ್ಲ.

ಕ್ಯಾಸೆಟ್ ವಿಷಯ. ಯುರೋಪಿನದು ನಿಮ್ಮ ಸ್ಲಾಟಿಗೆ ನೀಟಾಗಿ ಕೂರುತ್ತದೆ, ಆದರೆ ಬೇರೆ ಪ್ರದೇಶದ ಕ್ಯಾಸೆಟ್ ತಡೆಯುವ ಲಾಕ್ ಚಿಪ್ ಓಡಲು ಬಿಡುವುದಿಲ್ಲ. ಅಮೆರಿಕದ್ದಕ್ಕೆ ಚಿಪ್ ತಕರಾರಿಲ್ಲ, ಆಕಾರ ಬೇರೆ, ಅಷ್ಟೇ. ಒತ್ತಿ ತುರುಕಬೇಡಿ ಮಾರಾಯ್ರೆ. ಜಪಾನಿನದ್ದೇ ತಗೊಂಡರೆ ತಲೆನೋವಿಲ್ಲ. ಆಟದ ಸೇವ್ ನಿಲ್ಲದಿದ್ದರೆ ಕ್ಯಾಸೆಟ್ ಒಳಗಿನ ಬ್ಯಾಟರಿ ಮುಗಿದಿದೆ: ಲೋಹದ ಕಾಲು ಮೊದಲೇ ಬೆಸೆದು ಬರುವ ಸಿಆರ್ 2032 ಬಟನ್ ಸೆಲ್, ಮ್ಯಾಕ್ಸೆಲ್ ಅಥವಾ ಪ್ಯಾನಸೋನಿಕ್ ಹಾಕಿ. ಸೆಲ್ಲಿನ ಮೇಲೆ ನೇರವಾಗಿ ಬೆಸುಗೆ ಹಾಕಬೇಡಿ. ಕ್ಯಾಸೆಟ್ ಬಿಚ್ಚಲು 3.8 ಮಿಮೀ ಗೇಮ್‌ಬಿಟ್ (ಇದರ ಸ್ಕ್ರೂಗೆಂದೇ ಇರುವ ಸ್ಕ್ರೂಡ್ರೈವರ್ ಬಿಟ್) ಬೇಕು, ಸೆಟ್ಟಿಗೆ 4.5.

ಇನ್ನು ನಮ್ಮ ಮಳೆ. ಕಕ್ಕಡದ ಮಳೆ ತಿಂಗಳಲ್ಲಿ ಚಪ್ಪಲಿಗೇ ಬೂಸ್ಟು ಬರುವ ಊರು, ಕ್ಯಾಸೆಟ್ ಪಿನ್ ಬಿಟ್ಟೀತೇ? ಬಾಯಿಂದ ಊದಬೇಡಿ, ಎಂಜಲ ತೇವ ಅಲ್ಲೇ ಕೂರುತ್ತದೆ. ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಕಪ್ಪು ಬರುವುದು ನಿಲ್ಲುವ ತನಕ. ಡಬ್ಲ್ಯೂಡಿ-40 (ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ) ಹೊಡೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಕ್ಯಾಸೆಟ್ ಇಡಲು ಗಟ್ಟಿ ಮುಚ್ಚಳದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್. ಒಣಗಲಿ ಅಂತ ಒಲೆ ಮೇಲಿನ ಅಟ್ಟಕ್ಕೆ ಏರಿಸಬೇಡಿ, ಮಸಿ ಹಿಡಿಯುತ್ತದೆ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಕರೆಂಟ್ ಹೋದರೆ ಸ್ವಿಚ್ ಆಫ್ ಮಾಡಿ ಬಿಡಬೇಡಿ, ಪ್ಲಗ್ಗೇ ತೆಗೆಯಿರಿ. ವಾಪಸ್ ಬರುವಾಗ ಹೇಗೆ ಬರುತ್ತದೆ ಅಂತ ನಿಮಗೇ ಗೊತ್ತು.

ಟೀವಿಗೆ ಎವಿ ವೈರ್ ಹಾಕಿ. ಆಂಟೆನಾ ಡಬ್ಬಿ ಜಪಾನಿನ ಚಾನೆಲ್‌ಗೆ ಮಾಡಿದ್ದು, ಇಲ್ಲಿ ಪ್ರಯೋಜನವಿಲ್ಲ. ನಿಂಟೆಂಡೊದ ಇದರ ನಂತರದ ಸೆಟ್ ಎನ್64ರ ಎವಿ ವೈರ್ ಇದಕ್ಕೂ ಆಗುತ್ತದೆ. ಚಿತ್ರ ಕಪ್ಪುಬಿಳುಪಾಗಿ ಬಂದರೆ ಅಥವಾ ಉರುಳಿದರೆ ಸೆಟ್ ಕೆಟ್ಟಿಲ್ಲ, ಟೀವಿ ನಮ್ಮ ಕಡೆಯ ಪಾಲ್ (PAL) ಚಿತ್ರ ಪದ್ಧತಿಯಲ್ಲಿದೆ, ಸೆಟ್ ಕಳಿಸುವುದು ಜಪಾನಿನ ಎನ್‌ಟಿಎಸ್‌ಸಿ. ಮೆನುವಿನಲ್ಲಿ ಎನ್‌ಟಿಎಸ್‌ಸಿ ಅಥವಾ ಆಟೋ ಇದೆಯಾ ನೋಡಿ. ಸಿಗದಿದ್ದರೆ ಟೀವಿ ಹಿಂದಿನ ಸ್ಟಿಕರ್ ಫೋಟೋ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.