ನರ್ಸರಿಯಿಂದ ತಂದ ಫೈಕಸ್ ಗಿಡ ಎಲೆ ಉದುರಿಸ್ತಿದೆ ಅಂದ್ರಲ್ಲ, ಅದಕ್ಕೆ

ಜಾಗ ಬದಲಾಗಿದ್ದೇ ಕಾರಣ ಇರ್ಬೇಕು. ಫೈಕಸ್ ಬೆಂಜಮಿನಾ ಬೆಳಕು ಬದಲಾದ್ರೆ ಎಲೆ ಉದುರಿಸೋ ಗಿಡ, ತಂದ ವಾರಕ್ಕೇ ಬಾಲ್ಕನಿ ತುಂಬ ಹಳದಿ ಎಲೆ ಬಿತ್ತು ಅಂದ್ರೆ ಸತ್ತೋಯ್ತು ಅಂತಲ್ಲ. ಮೊದಲು ಒಂದು ಸಣ್ಣ ಕೊಂಬೆನ ಉಗುರಲ್ಲಿ ಕೆರೆದು ನೋಡಿ, ಸಿಪ್ಪೆ ಕೆಳಗೆ ಹಸಿರಿದ್ದು ಬಿಳಿ ಹಾಲು ಜಿನುಗಿದ್ರೆ ಜೀವ ಇದೆ (ಕೈ ತೊಳ್ಕೊಳ್ಳಿ, ಆ ಹಾಲು ಕೆಲವರಿಗೆ ತುರಿಕೆ ತರುತ್ತೆ).

ಆಮೇಲೆ ನೀರು. ದಿನಾ ಒಂದು ಚೊಂಬು ಹಾಕ್ತೀನಿ ಅಂದಿದ್ದೀರ, ಅದನ್ನ ಇವತ್ತೇ ನಿಲ್ಸಿ. ನಮ್ಮ ಕಡೆ ನರ್ಸರಿಯವ್ರು ಬೇರಿನ ಸುತ್ತ ಕೆಂಪು ಮಣ್ಣು ಗಟ್ಟಿಯಾಗಿ ತುಂಬಿರ್ತಾರೆ, ಮೇಲೆ ಒಣಗಿದ ಹಾಗೆ ಕಂಡ್ರೂ ಒಳಗೆ ಕೆಸರಿರುತ್ತೆ, ಅದಕ್ಕೆ ಬೆರಳು ಎರಡು ಗೆಣ್ಣಿನ ತನಕ ತೂರಿಸಿ, ಅಲ್ಲೂ ಒಣಗಿದ್ರೆ ಮಾತ್ರ ಕೆಳಗಿನ ತೂತಿಂದ ಹರಿಯೋವರೆಗೂ ಹಾಕಿ, ತಟ್ಟೇಲಿ ನಿಂತಿದ್ದನ್ನ ಚೆಲ್ಲಿ. ತೂತು ಮುಚ್ಚಿದ್ಯಾ ಅಂತ ಕಡ್ಡಿ ಹಾಕಿ ನೋಡಿ.

ಪಾಟ್ ಬದಲಾಯಿಸೋದು, ಗೊಬ್ಬರ ಎರಡೂ ಈಗ ಬೇಡ. ಬೆಳಗಿನ ಬಿಸಿಲು ಬರೋ ಕಡೆ ಇಟ್ಬಿಡಿ, ದಯವಿಟ್ಟು ದಿನಕ್ಕೊಂದು ಮೂಲೆಗೆ ಎತ್ತಿಡ್ಬೇಡಿ, ಪ್ರತಿ ಸಲಾನೂ ಅದು ಹೊಸದಾಗಿ ಹೊಂದ್ಕೊಬೇಕಾಗುತ್ತೆ ಪಾಪ.

ಎಲೆ ಹಿಂದೆ ಬಿಳಿ ಹತ್ತಿ ಥರ ಏನಾದ್ರೂ ಇದ್ರೆ ವಿಷಯ ಬೇರೆ, ಅದು ಮೀಲಿಬಗ್ ಅನ್ನೋ ರಸ ಹೀರೋ ಹುಳ ಇರಬಹುದು, ಫೋಟೋ ಇಲ್ದೆ ಖಚಿತವಾಗಿ ಹೇಳೋಕಾಗಲ್ಲ. ಇದ್ರೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಎರಡು ಹನಿ ಲಿಕ್ವಿಡ್ ಸೋಪು ಕಲಸಿ ಸಂಜೆ ಹೊತ್ತು ಹೊಡೀರಿ. ಹುಳ ಇಲ್ದಿದ್ರೆ ಕೆಲವು ವಾರದಲ್ಲಿ ಕೊಂಬೆ ತುದೀಲಿ ಚೂಪಾದ ಹೊಸ ಚಿಗುರು ಕಾಣುತ್ತೆ, ಗೊಬ್ಬರ ಆಮೇಲೆ ಶುರು ಮಾಡಿ.